ಹೊರಗೆ ತಿರುಗಿದ ಹೊಲಿಗೆ

ಒಳಗೆ ಹಾಕಿಕೊಳ್ಳುವ ಚಡ್ಡಿಯ ಕತೆಯನ್ನು ಮಕ್ಕಳಿಗೆ ಹೇಳಬಹುದೇ ಎಂದು ತುಂಬ ಹಿಂಜರಿದೆ. ಚೆನ್ನಾಗಿ ಹೇಳುವಷ್ಟು ಜಾಣ್ಮೆಯೂ ನನಗಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಓದು, ಕೇಳೋಣ," ಎಂದರು ಅಜ್ಜಿ, ಹೊಲಿಗೆ ಮೆಷಿನ್ ನಿಲ್ಲಿಸಿ.

ಪುಟ್ಟಿ ನೋಟ್‌ಬುಕ್ ತೆರೆದಳು. 'ನಮ್ಮ ಮನೆಯ ಕೆಲಸದ ಇತಿಹಾಸ.' ನಾಳೆ ಅದನ್ನು ಕ್ಲಾಸಿನಲ್ಲಿ ಎಲ್ಲರೆದುರು ಓದಬೇಕಿತ್ತು.

"ನಲವತ್ತು ವರ್ಷದ ಹಿಂದೆ ನಮ್ಮ ಅಜ್ಜಿ ಕಂಪನಿ ಶುರು ಮಾಡಿದರು. ನಾವು ಜರ್ಸಿ, ಶಾರ್ಟ್ಸ್, ಟ್ರ್ಯಾಕ್ ಪ್ಯಾಂಟ್ ತಯಾರಿಸುತ್ತೇವೆ."

"ಮತ್ತೆ ಸಪೋರ್ಟರ್?"

ಪುಟ್ಟಿ ಎಲಾಸ್ಟಿಕ್ ಸುರುಳಿಯನ್ನು ಎಳೆದು ಬಿಟ್ಟಳು. ಸಪೋರ್ಟರ್ ಎಂದರೆ ಓಡುವವರು, ಸೈಕಲ್ ಹೊಡೆಯುವವರು ಒಳಗೆ ಹಾಕಿಕೊಳ್ಳುವ ಬಿಗಿ ಪಟ್ಟಿಯ ಚಡ್ಡಿ. ಕಂಪನಿ ಶುರುವಾಗಿದ್ದೇ ಅದರಿಂದ.

"ಅದನ್ನ ಬಿಟ್ಟೆ ಅಜ್ಜಿ. ನಮ್ಮ ಕ್ಲಾಸಿನ ಆ ಉದ್ದ ಹುಡುಗ ಈಗ್ಲೇ ನನ್ನ ಚಡ್ಡಿ ಮಹಾರಾಣಿ ಅಂತಾನೆ."

ಅಜ್ಜಿ ಬೈಯಲಿಲ್ಲ. "ಹೋಗ್ಲಿ ಬಿಡು. ಅಂಗಡಿಯವ್ರೂ ಹಾಗೇ ಮಾಡ್ತಿದ್ರು. ಜರ್ಸಿ ಕಿಟಕಿಯಲ್ಲಿ. ಇದು ಮಾತ್ರ ಪೇಪರ್ ಸುತ್ತಿ ಕೌಂಟರ್ ಕೆಳಗೆ."

ಅಜ್ಜಿ ಸೂಜಿಗೆ ದಾರ ಪೋಣಿಸಲು ಹೋದರು. ಮೂರು ಸಲ ತಪ್ಪಿತು. ಪುಟ್ಟಿ ಸೂಜಿ ಇಸಿದುಕೊಂಡು ತಾನೇ ಪೋಣಿಸಿದಳು.

"ಮೊದಲನೇದು ಯಾರಿಗೆ ಹೊಲಿದೆ?"

"ಒಬ್ಬ ಪೋಸ್ಟ್‌ಮ್ಯಾನ್‌ಗೆ. ಕಲ್ಲು ರಸ್ತೆ, ದಿನವಿಡೀ ಸೈಕಲ್. ಚಡ್ಡಿ ಹೊಲಿಗೆ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಪಾಪ, ನಿಂತ್ಕೊಂಡೇ ಊಟ ಮಾಡ್ತಿದ್ದ. ಒಳಗಿದ್ರೆ ತಾನೇ ಚುಚ್ಚೋದು ಅಂತ ಹೊಲಿಗೆ, ಗಂಟು ಎಲ್ಲ ಹೊರಗೆ ತಿರುಗಿಸಿದೆ. ಉಲ್ಟಾ ಹೊಲಿದಿದ್ದೀಯ ಅಂತ ನಿಮ್ಮ ತಾತ ನಕ್ಕಿದ್ದೇ ನಕ್ಕಿದ್ದು. ಈಗ್ಲೂ ಹೊಸ ಟೈಲರ್‌ಗಳು ಸರಿ ಮಾಡ್ತೀನಿ ಅಂತ ಒಳಗೆ ತಿರುಗಿಸಿಬಿಡ್ತಾರೆ. ಎಲ್ಲ ಬಿಚ್ಚಿಸ್ಬೇಕು."

ಮರುದಿನ ಪುಟ್ಟಿ ಟ್ರ್ಯಾಕ್ ಪ್ಯಾಂಟ್‌ವರೆಗೂ ಓದಿ ನಿಂತಳು. ನೋಟ್‌ಬುಕ್ ಮುಚ್ಚಿದಳು.

"ಮತ್ತೆ ಸಪೋರ್ಟರ್," ಎಂದಳು.

ಇಡೀ ಕ್ಲಾಸು ನಕ್ಕಿತು. "ಮಹಾರಾಣಿ ಕಿರೀಟ ಬಂತು," ಎಂದ ಉದ್ದ ಹುಡುಗ.

"ನಿನ್ನ ಕಾಲರ್ ಒಳಗೆ ಬೆರಳು ಹಾಕು. ಹೊಲಿಗೆ ಚುಚ್ಚತ್ತಾ?"

ಅವನು ಹಾಕಿ ನೋಡಿದ. "ಸ್ವಲ್ಪ."

"ಅದರ ಮೇಲೇ ಕೂತು ದಿನವಿಡೀ ಕಲ್ಲು ರಸ್ತೆಯಲ್ಲಿ ಸೈಕಲ್ ಹೊಡಿ."

ಉದ್ದ ಹುಡುಗ ಮುಖ ಸಿಂಡರಿಸಿದ. ಪುಟ್ಟಿ ಪೋಸ್ಟ್‌ಮ್ಯಾನ್ ಕತೆಯನ್ನೆಲ್ಲ ಹೇಳಿದಳು.

ಸಂಜೆ ಅಜ್ಜಿ ತಲೆ ಎತ್ತದೆಯೇ ಕೇಳಿದರು. "ನಕ್ಕರಾ?"

"ನಕ್ಕರು. ಆಮೇಲೆ ಎಲ್ರೂ ಕಾಲರ್ ಒಳಗೆ ಕೈ ಹಾಕಿದ್ರು. ಮೇಷ್ಟ್ರೂ."

ಅಜ್ಜಿ ಮೆಷಿನ್ ತುಳಿಯುವುದನ್ನು ಮರೆತು ಕೂತರು.

ಪುಟ್ಟಿ ರಾಶಿಯಿಂದ ಒಂದು ಸಪೋರ್ಟರ್ ತೆಗೆದುಕೊಂಡಳು. ಬೀದಿಗೆ ಕಾಣುವ ಕಿಟಕಿಯಲ್ಲಿ, ಅಲ್ಲಿದ್ದ ಜರ್ಸಿಯ ಪಕ್ಕ ಅದನ್ನು ನೇತುಹಾಕಿದಳು.

ಆ ಪೋಸ್ಟ್‌ಮ್ಯಾನ್ ಆಮೇಲೆ ಕೂತು ಊಟ ಮಾಡಿದನೇ? ವಾರದೊಳಗೆ ಅವನಿಗೆ ಬೇರೆ ಊರಿಗೆ ವರ್ಗವಾಯಿತಂತೆ. ಅಜ್ಜಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.