ಬೀಗರಿಲ್ಲದ ಹಲಗೆ

ಆಪರೇಟರ್ ದುರುಗಣ್ಣ ಮೆಷಿನ್ ಪಕ್ಕ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಹರಿಹರದ ಹೊರಗಿನ ಸಣ್ಣ ಫ್ಯಾಕ್ಟರಿ ಅದು. ಹಳೇ ಪ್ಲಾಸ್ಟಿಕ್ ಕರಗಿಸಿ, ಗಾರೆ ಕೆಲಸದವರು ಮೇಲೆ ನಿಲ್ಲುವ ಹಲಗೆ ಮಾಡುತ್ತಿದ್ದರು. ಬೆಳಿಗ್ಗೆ ಕೆಲಸಕ್ಕೆ ಬಂದ ಅಂಜಿನವ್ವ ಹೆಣ ನೋಡಿ ಕೂಗುತ್ತಾ ಗೇಟಿಗೆ ಓಡಿದಳು.

ಎಸ್‌ಐ ಪ್ರೇಮಲತಾ ಬಂದಾಗ ಮ್ಯಾನೇಜರ್ ಅಶ್ವಥ್ ಸಿದ್ಧನಾಗಿ ನಿಂತಿದ್ದ. ಕೇಳುವ ಮೊದಲೇ ಉತ್ತರ ಕೊಡುವವರನ್ನು ಕಂಡರೆ ಆಕೆಗೆ ಆಗದು.

“ನಾನು ಸಂಜೀಗೇ ದಾವಣಗೆರೆ ಮನೆಗೆ ಹೊಂಟೆ ಮೇಡಂ. ಆಗ ಇವನ ಅಳಿಯ ರಮೇಶ ಗೇಟಿನಾಗೆ ಜಗಳ ಮಾಡ್ತಿದ್ದ.”

ದುರುಗಣ್ಣನ ಮಗಳು ಅಂಬಿಕಾ ಏಳು ತಿಂಗಳ ಬಸುರಿ. ಸೀಮಂತಕ್ಕೆಂದು ತವರಿಗೆ ಬಂದಿದ್ದಳು. ಗಂಡನ ಮನೆಯವರು ಮುನಿಸಿಕೊಂಡು ಬಂದಿರಲಿಲ್ಲ. ಅಪ್ಪ ಹಿಂದಿನ ರಾತ್ರಿ ಫ್ಯಾಕ್ಟರಿಯಿಂದ ಫೋನಿಗೆ ಕಳಿಸಿದ್ದ ಕೊನೆಯ ಮಾತನ್ನು ಅವಳೇ ಅಶ್ವಥ್ ಎದುರಿಗೆ ಕೇಳಿಸಿದಳು.

“ಇಲ್ಲಿ ಬೀಗರು ಬಂದಿಲ್ಲವ್ವ. ಜಗಳ ಆಗೈತೆ. ಉಣ್ಣಾಕೆ ಕಾಯಬ್ಯಾಡ.”

“ಅವನೇ ಹೊಡೆದಿರ್ತಾನೆ ಮೇಡಂ,” ಎಂದಳು. ಗಂಡನನ್ನು ಅವಳು ಏಕವಚನದಲ್ಲಿ ಅಂದದ್ದು ಅದೇ ಮೊದಲು.

ದಾವಣಗೆರೆಯ ನಿಟ್ಟುವಳ್ಳಿಯಿಂದ ರಮೇಶನನ್ನು ಠಾಣೆಗೆ ಕರೆತಂದರು. “ಹೋಗಿದ್ದೆ. ಬಾಯಿ ಜಗಳ ಆತು. ವಾಪಸ್ ಬಂದೆ,” ಎಂದಷ್ಟೇ ಹೇಳಿದ.

\*

‘ಇಲ್ಲಿ’ ಎಂಬ ಒಂದು ಮಾತು ಪ್ರೇಮಲತಾರನ್ನು ಕೊರೆಯುತ್ತಿತ್ತು. ಮನೆಗೆ ಬರಬೇಕಾದ ಬೀಗರು ಫ್ಯಾಕ್ಟರಿಗೆ ಯಾಕೆ ಬರಬೇಕು?

ಮತ್ತೆ ಫ್ಯಾಕ್ಟರಿಗೆ ಹೋದರು. ಸ್ಟೋರಿನಲ್ಲಿ ಒಂದು ಖಾಲಿ ಡ್ರಮ್ಮು. ಅದರ ಮೇಲೆ ಬಣ್ಣದಲ್ಲಿ ‘ಬೀಗರು’ ಎಂದು ಬರೆದಿತ್ತು.

“ಏನಿದು ಅಂಜಿನವ್ವ?”

“ಕೋಪಾಲಿಮರ್ ಕಾಳಿಂದು ರೀ. ಹಾಲಿನ ಕವರಿಗೂ ನೈಲಾನ್ ಬಲೆಗೂ ಕೂಡಿ ಬರಲ್ಲ. ಈ ಕಾಳು ಒಂದು ಕೈ ಅತ್ಲಾಗೆ, ಒಂದು ಕೈ ಇತ್ಲಾಗೆ ಹಿಡಕಂತೈತೆ. ಅದಕ್ಕೇ ಬೀಗರು ಅಂತೀವಿ.”

“ಅಶ್ವಥ್‌ಗೂ ಗೊತ್ತಾ?”

“ಹೆಸರಿಟ್ಟಿದ್ದೇ ಅವರು.”

ಗೋಡೆಗೆ ಹೊಸ ಹಲಗೆಗಳು ಒರಗಿದ್ದವು. ಪ್ರೇಮಲತಾ ಒಂದರ ಅಂಚಿಗೆ ಜೀಪಿನ ಕೀ ತೂರಿಸಿ ಮೀಟಿದರು. ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಟ್ಟುಕೊಂಡಿತು. ಇದರ ಮೇಲೆ ಯಾರೋ ಮೂರನೇ ಮಹಡಿಯಲ್ಲಿ ನಿಲ್ಲುವವರಿದ್ದರು.

\*

“ಬೀಗರು ಬಂದಿಲ್ಲ ಅಂತ ಜಗಳ ಮಾಡಿದವನು ದುರುಗಣ್ಣ,” ಎಂದರು ಪ್ರೇಮಲತಾ ಅಶ್ವಥ್‌ಗೆ. “ಆದರೂ ಬೀಗರಿಲ್ಲದ ಹಲಗೆ ತಯಾರಾಗಿದೆ. ಬೆಳಿಗ್ಗೆ ನಾವು ಬಂದಾಗ ಮೆಷಿನ್ ಇನ್ನೂ ಬಿಸಿಯಿತ್ತು. ಅದನ್ನು ನಡೆಸೋಕೆ ಬರೋದು ಅವನಿಗೆ, ನಿನಗೆ, ಇಬ್ಬರಿಗೇ. ಒಬ್ಬ ಸತ್ತಿದ್ದ. ರಮೇಶನಿಗೆ ಅದರ ಗಂಧಗಾಳಿಯೂ ಇಲ್ಲ. ಫೋನಿನ ಮಾತು ಕೇಳಿದಾಗ ಅದರ ಅರ್ಥ ಹೇಳದೆ ಸುಮ್ಮನಿದ್ದದ್ದು ನೀನು.”

ಅಶ್ವಥ್ ಒಪ್ಪಿಕೊಂಡ.

“ಬೆಳಿಗ್ಗೆ ಲಾರಿ ಬರೋದಿತ್ತು ಮೇಡಂ. ಮೆಷಿನ್‌ಗೆ ಅಡ್ಡ ನಿಂತ. ಗಾರೆಯವರಿಗೆಲ್ಲ ಹೇಳ್ತೀನಿ ಅಂತ ತಿರುಗಿ ಹೊಂಟ. ನನ್ನ ಕೈಯಾಗೆ ರಾಡಿತ್ತು.”

ಹೆಣದ ಪಕ್ಕದಲ್ಲೇ ನಿಂತು ಹಲಗೆ ತೆಗೆದಿದ್ದ, ಆ ಪಾಪಿ.

\*

ಸಂಜೆ ರಮೇಶನನ್ನು ಬಿಟ್ಟರು. ಅಂಬಿಕಾ ಠಾಣೆಯ ಮೆಟ್ಟಿಲ ಬಳಿ ಕಾಯುತ್ತಿದ್ದಳು. ನಡೆದದ್ದೆಲ್ಲ ಅವಳಿಗೆ ಆಗಲೇ ತಿಳಿದಿತ್ತು.

“ನೀನೇ ಅಂದ್ಯಂತೆ, ನಾನೇ ಹೊಡೆದೆ ಅಂತ?”

ಅವಳು ಸೆರಗು ಬಾಯಿಗೊತ್ತಿಕೊಂಡಳು.

ರಮೇಶ ಸ್ವಲ್ಪ ಹೊತ್ತು ಅವಳ ಹೊಟ್ಟೆಯನ್ನೇ ನೋಡಿದ. ಆಮೇಲೆ ಒಬ್ಬನೇ ದಾವಣಗೆರೆ ಬಸ್ಸು ಹತ್ತಿದ.