ಆರನೆಯ ಗೂಡು

ವರ್ನಾ ಟಾಲಿವರ್ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ತಂದೆ ಸತ್ತು ಎರಡು ದಿನವಾಗಿದ್ದರೂ ಅವಳ ಮೈಮೇಲೆ ಕೌಂಟಿ ಜೈಲಿನಲ್ಲಿ ಹೆಣ್ಣು ಕೈದಿಗಳನ್ನು ಕಾಯುವ ಮೇಟ್ರನ್‌ನ ಸಮವಸ್ತ್ರವೇ ಇತ್ತು, ಬದಲಾಯಿಸಬೇಕೆಂದು ಹೊಳೆದಂತಿರಲಿಲ್ಲ.

“ಪ್ರೂಯಿಟ್ ಮಾಮ, ಅಪ್ಪನ್ನ ಕೊಂದಿದ್ದು ಸೆಲೆಡೋನಿಯೊ. ಆದ್ರೆ ಅವನು ಬಾಯೇ ಬಿಡ್ತಿಲ್ಲ. ಮಾಡ್ದೆ ಅನ್ನಲ್ಲ, ಮಾಡ್ಲಿಲ್ಲ ಅನ್ನಲ್ಲ. ಹತ್ತೊಂಬತ್ತು ವರ್ಷ ನಮ್ಮನೇಲಿ ಉಂಡವನು. ಯಾಕೆ ಅಂತ ನಂಗೆ ಗೊತ್ತಾಗ್ಬೇಕು. ಆಮೇಲೆ ಅವನು ಸಾಯ್ಲಿ.”

ಥೇಡಿಯಸ್ ಪ್ರೂಯಿಟ್ ನ್ಯೂ ಮೆಕ್ಸಿಕೋದ ಹುಲ್ಲುಗಾವಲುಗಳಲ್ಲಿ ನಲವತ್ತು ವರ್ಷ ದನಗಳ ಮೈಮೇಲಿನ ಬರೆಮುದ್ರೆ ಪರೀಕ್ಷಿಸುವ ಸರ್ಕಾರಿ ಕೆಲಸ ಮಾಡಿದವರು. ಕಳ್ಳರು ತಿದ್ದಿದ ಮುದ್ರೆಯ ಅಡಿಯಲ್ಲಿ ಹಳೆಯದನ್ನು ಬೆರಳಿನಿಂದಲೇ ಓದುತ್ತಿದ್ದರು. ನಿವೃತ್ತರಾದ ಮೇಲೂ ಪಿಯೆದ್ರಾ ಕೌಂಟಿಯ ಜನ ಬಿಡಿಸಲಾಗದ ಗಂಟು ಬಿದ್ದಾಗ ಅವರ ಬಳಿಗೇ ಬರುತ್ತಿದ್ದರು. ಅವರ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದ ಶಾಲಾ ಮಾಸ್ತರ ನಾನು. ಮಂಡಿ ಹೋದ ಅವರಿಗೆ ಗಾಡಿ ಓಡಿಸುವವನೂ ನಾನೇ, ಮಾತಿಲ್ಲದ ಸಂಜೆಗಳಲ್ಲಿ ಎದುರು ಕೂರುವವನೂ ನಾನೇ.

“ಗಾಡಿ ತೆಗೀರಿ ಮೇಷ್ಟ್ರೇ,” ಎಂದರು.

ಟಾಲಿವರ್ ರ್‍ಯಾಂಚಿನ ಕುದುರೆ ಲಾಯದಲ್ಲಿ ಶೆರಿಫ್ ಹಾಲ್ಕಂಬ್ ಕಾಯುತ್ತಿದ್ದ. ಸೈನ್ಯದಿಂದ ಬಂದು ಎರಡು ವರ್ಷವಾಗಿದ್ದ ಹುಡುಗುಮುಖದವನು.

“ಬನ್ನಿ ತಾತಾ. ಇಲ್ಲಿ ಕಳ್ಳದನ ಯಾವುದೂ ಇಲ್ವಲ್ಲ.”

“ದಾರಿ ತಪ್ಪಿದ ಕರು ಒಂದು ಎದುರಿಗೇ ನಿಂತಿದ್ಯಲ್ಲ. ನಡೆದದ್ದು ಹೇಳಪ್ಪ.”

ಹಾಲ್ಕಂಬ್ ನಕ್ಕು, ಹೇಳಿದ. ಹುಚ್ಚು ಹಿಡಿದ ತೋಳವೊಂದು ಮೇಯುವ ದನಗಳ ಬಳಿ ಸುಳಿದಾಡುತ್ತಿತ್ತು. ಬುಧವಾರ ಬೆಳಿಗ್ಗೆ ಆಂಬ್ರೋಸ್ ಟಾಲಿವರ್ ಮತ್ತು ಅವನ ಆಳು ಸೆಲೆಡೋನಿಯೊ ಅತ್ತ ಹೊರಡಲು ಸಿದ್ಧರಾಗುತ್ತಿದ್ದರು. ಹೊರಡುವ ಮುಂಚೆ ಇಬ್ಬರಿಗೂ ಜೋರು ಜಗಳ. “ಆ ಕೋವಿ ಇಟ್ಕೊಂಡು ಯಾರಿಗೇನು ಉಪಯೋಗ” ಎಂದು ಸೆಲೆಡೋನಿಯೊ ಕಿರುಚಿದ್ದು ಅಡುಗೆಮನೆಯಲ್ಲಿದ್ದ ವರ್ನಾಳಿಗೆ ಕೇಳಿಸಿತ್ತು. ಅರ್ಧ ಗಂಟೆಯ ಮೇಲೆ ಒಂದೇ ಗುಂಡಿನ ಸದ್ದು. ಆಂಬ್ರೋಸ್ ಲಾಯದಲ್ಲಿ ಬಿದ್ದಿದ್ದ. ಗುಂಡು ಹೊಟ್ಟೆಯ ಕೆಳಗೆ ಹೊಕ್ಕು ಭುಜದ ತನಕ ಮೇಲೇರಿತ್ತು.

“ಅಂದ್ರೆ ಹೊಡೆದವನು ನೆಲದ ಮೇಲಿದ್ದ,” ಎಂದ ಹಾಲ್ಕಂಬ್. “ಯಜಮಾನ ಬೆಲ್ಟಿನಿಂದ ಬಾರಿಸಿ ಕೆಡವಿದ್ದಾನೆ. ಇವನು ಬಿದ್ದಲ್ಲಿಂದಲೇ ಹೊಡೆದಿದ್ದಾನೆ. ಸತ್ತವನ ಎಡಗೈಲಿ ಕೋವಿಯ ಬೆಲ್ಟು ಹಾಗೇ ಇತ್ತು. ಆಳಿನ ಬೆನ್ನ ತುಂಬ ಮಣ್ಣು. ಟ್ರಕ್ಕಿನ ಅಡಿ ಮಲಗಿ ಗ್ರೀಸ್ ಹಚ್ತಿದ್ದೆ ಅಂದ. ಅಷ್ಟೇ, ಆಮೇಲೆ ಮಾತಿಲ್ಲ.”

“ಕೋವಿ?”

ಹಾಲ್ಕಂಬ್ ಬಟ್ಟೆ ಬಿಚ್ಚಿದ. ನಾನು ಕೋವಿಗಳನ್ನು ಇಷ್ಟಪಡುವವನಲ್ಲ. ಆದರೂ ಅದನ್ನು ನೋಡಲು ಹತ್ತಿರ ಬಗ್ಗಿದೆ. ಎಂಬತ್ತು ವರ್ಷ ಹಳೆಯ, ತಿರುಗುವ ಉರುಳೆಯಲ್ಲಿ ತೋಟಾ ಕೂರುವ ಆರು ಗೂಡುಗಳಿದ್ದ ರಿವಾಲ್ವರ್. ಹಿಂದಿನ ಹ್ಯಾಮರನ್ನು ಪ್ರತಿ ಸಲವೂ ಹೆಬ್ಬೆರಳಿನಿಂದ ಎಳೆದರೆ ಮಾತ್ರ ಸಿಡಿಯುವ ಜಾತಿಯದು. ಮೂರು ತಲೆಮಾರಿನ ಅಂಗೈ ಉಜ್ಜಿ ಕಪ್ಪು ಬಣ್ಣ ಹೋಗಿ, ಉಕ್ಕು ಮೋಡ ಕವಿದ ದಿನದ ಬೂದಿಬಣ್ಣಕ್ಕೆ ತಿರುಗಿತ್ತು. ಪ್ರೂಯಿಟ್ ಅದನ್ನು ಎತ್ತಿಕೊಂಡಾಗ, ಕೋವಿಯೇ ಕೈಯನ್ನು ಹಿಡಿದುಕೊಂಡಂತೆ ಕಾಣಿಸಿತು.

“ಹಿಂದಿನ ದಿನ ಅಮರಿಲ್ಲೋದ ವ್ಯಾಪಾರಿಯೊಬ್ಬ ಬಂದು ಎಂಟುನೂರು ಡಾಲರ್ ಕೊಡ್ತೀನಿ ಅಂದನಂತೆ,” ಎಂದ ಹಾಲ್ಕಂಬ್. “ಬಣ್ಣ ಮಾತ್ರ ಹಾಕಿಸ್ಬೇಡಿ, ಈ ಸವೆತಕ್ಕೇ ಬೆಲೆ ಅಂತ. ಮುದುಕ, ‘ಇದೇನು ಸಂತೆಗೆ ಬಂದ ಹೋರಿನಾ’ ಅಂತ ಓಡಿಸಿದ್ನಂತೆ.”

ಪ್ರೂಯಿಟ್ ಒಂದೊಂದೇ ತೋಟಾವನ್ನು ಹೊರಗೆ ಜಾರಿಸಿದರು. ಐದು ಸಿಡಿಯದವು, ಹಿತ್ತಾಳೆ ಕಂದಿ ಹಸಿರು ಹತ್ತಿತ್ತು. ಆರನೆಯದು ಸಿಡಿದ ಖಾಲಿ ಕವಚ. ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಗೂಡುಗಳನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಐದರ ಒಳಗೆ ಹಳೆಯ ಹಸಿರು ಉಂಗುರ. ಆರನೆಯದರಲ್ಲಿ ಹೊಸ ಮಸಿ ಬಿಟ್ಟರೆ ಯಾವ ಗುರುತೂ ಇಲ್ಲ. ಹ್ಯಾಮರಿನ ಹಿಂದಿನ ತುದಿಯಲ್ಲಿ ಹಸಿ ಗೀರು, ಗೀರಿನಲ್ಲಿ ಬಿಳಿ ಪುಡಿ. ಅವರು ಕಷ್ಟಪಟ್ಟು ಮಂಡಿಯೂರಿ ಕಲ್ಲುನೆಲವನ್ನು ಬಹಳ ಹೊತ್ತು ಸವರಿದರು. ಬೆಲ್ಟ್ ತೂಗುಹಾಕುವ ಮೊಳೆಯ ಕೆಳಗೆ ಒಂದು ಕಡೆ ಬೆರಳು ನಿಂತಿತು.

ಅಡುಗೆಮನೆಯಲ್ಲಿ ವರ್ನಾ ಕಾಫಿ ಕೊಟ್ಟಳು. ಮೇಜಿನ ಮೇಲಿನ ಉಪ್ಪಿನ ಜಾಡಿಯ ಅಡಿಯಲ್ಲಿ ಹಳೆಯ ಐದು ಡಾಲರಿನ ನೋಟೊಂದಿತ್ತು. ಜಾಡಿಯ ಭಾರ ಬಿದ್ದಿದ್ದರೂ ಅದರ ಎರಡೂ ತುದಿ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದವು.

“ಅಪ್ಪಂದು,” ಎಂದಳು. “ಕಣ್ಣಿಗೆ ಪೊರೆ ಬಂದ ಮೇಲೆ ಏನನ್ನ ಎಲ್ಲಿ ತುರುಕ್ತಾರೆ ಅಂತ ಅವರಿಗೇ ಗೊತ್ತಿರ್ತಿರ್ಲಿಲ್ಲ.”

ಪ್ರೂಯಿಟ್ ನೋಟನ್ನು ಮೂಸಿ ನೋಡಿ ಇಟ್ಟರು. ಕಾಫಿಯನ್ನು ಅರ್ಧಕ್ಕೇ ಬಿಟ್ಟರು.

ಜೈಲಿನಲ್ಲಿ ಸೆಲೆಡೋನಿಯೊ ನಮ್ಮನ್ನು ಕಂಡು ಎದ್ದು ನಿಂತ.

“ಕೋವಿ ಮುಟ್ಟಿದ್ಯೇನಪ್ಪ?”

“ಮುಟ್ದೆ ಸ್ವಾಮಿ. ಎತ್ಕೊಂಡು ನೋಡ್ದೆ. ವಾಪಸ್ ಇಟ್ಟೆ.”

“ಏನು ಕಾಣಿಸ್ತು?”

ಅವನು ಗೋಡೆ ನೋಡಿದ.

“ಜಗಳ ಯಾತಕ್ಕೆ?”

“ಮಾರ್ಬಿಡಿ, ಕಣ್ಣಿನ ಆಪರೇಷನ್ ಮಾಡಿಸ್ಕೊಳ್ಳಿ ಅಂದೆ. ನಾ ಸತ್ಮೇಲೆ ಅದು ನಿಂಗೇ ಕಣೋ, ನೀನೇ ಮಾರು ಅಂತ ಬೈದ್ರು.” ಕಂಬಿ ಹಿಡಿದು ಕೇಳಿದ: “ವರ್ನಾ ಊಟ ಮಾಡ್ತಿದ್ದಾಳಾ?”

“ಸೆಲೆಡೋನಿಯೊ, ಸೋಮವಾರ ನಿನ್ನ ಜಿಲ್ಲಾ ಕೋರ್ಟಿಗೆ ಕಳಿಸ್ತಾರೆ. ಅಲ್ಲಿಂದ ನೀನು ಜೀವಂತ ಬರಲ್ಲ.”

“ಗೊತ್ತು. ನಂಗೆ ಅರವತ್ತಾಯ್ತು. ಅವಳಿಗಿನ್ನೂ ಇಪ್ಪತ್ತಾರು.”

ನಾವು ವಾಪಸು ಹೊರಟೆವು. ಮನೆ ಬಂದಾಗ ಪ್ರೂಯಿಟ್ ಇಳಿಯದೆ ಕೂತೇ ಕೇಳಿದರು: “ಮೇಷ್ಟ್ರೇ, ಒಂದು ಸತ್ಯ ಒಬ್ಬನ್ನ ಉಳಿಸತ್ತೆ, ಇನ್ನೊಬ್ಬರನ್ನ ಬದುಕಿರೋವರ್ಗೂ ಸುಡತ್ತೆ. ಏನ್ಮಾಡ್ತೀರಿ?” ನಾನು ಗಾಡಿಯ ಇಂಜಿನ್ ಆರಿಸಿದೆ. ಅವರು ಬಾಗಿಲು ತೆಗೆದು ಇಳಿದರು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಲಾಯಕ್ಕೆ ಕರೆಸಿದರು. ಹಾಲ್ಕಂಬ್ ಸೆಲೆಡೋನಿಯೋನನ್ನು ಕೋಳ ತೊಡಿಸಿ ತಂದಿದ್ದ. ವರ್ನಾ ಕಂಬಕ್ಕೆ ಒರಗಿ ನಿಂತಿದ್ದಳು. ಪ್ರೂಯಿಟ್ ಹುಲ್ಲಿನ ಪಿಂಡಿಯ ಮೇಲೆ ಕೂತು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡರು.

“ಈ ಜಾತಿ ಕೋವಿಗೆ ಒಂದು ಗುಣ ಇದೆ. ಸುಮ್ಮನೆ ಇರುವಾಗ ಹ್ಯಾಮರಿನ ಮೂಗು ನೇರ ತೋಟಾದ ಬೆನ್ನ ಮೇಲೇ ಕೂತಿರತ್ತೆ. ಹಾಲ್ಕಂಬ್, ನಿನ್ನ ಸೊಂಟದಲ್ಲಿರೋದ್ರಲ್ಲಿ ಮಧ್ಯೆ ಒಂದು ತಡೆ ಇದೆ, ಇದ್ರಲ್ಲಿ ಇಲ್ಲ. ಬಿದ್ದು ಪೆಟ್ಟು ತಗುಲಿದ್ರೆ ಸಿಡಿಯತ್ತೆ. ಅದಕ್ಕೇ ಹಳಬರು ಐದೇ ತುಂಬಿಸ್ತಿದ್ರು. ಹ್ಯಾಮರಿನ ಕೆಳಗಿನ ಆರನೇ ಗೂಡು ಯಾವಾಗ್ಲೂ ಖಾಲಿ. ಆಂಬ್ರೋಸ್‌ದೂ ಹಾಗೇ ಇತ್ತು. ಐದು ಗೂಡಲ್ಲಿ ವರ್ಷಗಟ್ಟಲೆ ತೋಟಾ ಕೂತ ಹಸಿರು ಉಂಗುರ ಇದೆ, ಆರನೇದ್ರಲ್ಲಿ ಇಲ್ಲ. ಆದ್ರೆ ಸಿಡಿದದ್ದು ಆರನೇದೇ.”

“ಸರಿ, ಯಾರೋ ತುಂಬಿಸಿ ಹೊಡೆದ್ರು,” ಎಂದ ಹಾಲ್ಕಂಬ್.

“ಹೊಡೆದಿದ್ರೆ ಹ್ಯಾಮರ್ ಎಳೀಬೇಕಿತ್ತು. ಎಳೆದ ಕೂಡ್ಲೇ ಉರುಳೆ ಒಂದು ಗೂಡು ಮುಂದಕ್ಕೆ ತಿರುಗತ್ತೆ.” ಖಾಲಿ ಕೋವಿಯನ್ನು ಎತ್ತಿ ಹ್ಯಾಮರ್ ಎಳೆದರು. ನಿಶ್ಶಬ್ದದಲ್ಲಿ ನಾಲ್ಕು ಸಲ ಟಿಕ್ಕೆಂದಿತು. “ನೋಡು. ಆಗ ಸಿಡೀಬೇಕಾದ್ದು ಪಕ್ಕದ ಹಳೇ ತೋಟಾ. ಈ ಕೋವೀನ ಯಾವ ಹೆಬ್ಬೆರಳೂ ಎಳೆದಿಲ್ಲ. ಆಂಬ್ರೋಸ್ ಎಡಗೈಲಿ ಬೆಲ್ಟ್ ಇಳಿಸ್ಕೊಂಡ. ಒರೆಯಿಂದ ಕೋವಿ ಜಾರ್ತು, ಹ್ಯಾಮರ್ ಕೆಳಗಾಗಿ ಕಲ್ಲಿಗೆ ಬಡೀತು. ಇಲ್ಲಿ ಕಲ್ಲಿನ ಚಕ್ಕೆ ಎದ್ದಿದೆ, ಹ್ಯಾಮರಲ್ಲಿ ಅದೇ ಕಲ್ಲಿನ ಪುಡಿ ಇದೆ. ಗುಂಡು ನೆಲದಿಂದ ಮೇಲಕ್ಕೆ ಹೋಗಿದ್ದು ಅದಕ್ಕೆ.”

ಹಾಲ್ಕಂಬ್ ಟೊಪ್ಪಿ ತೆಗೆದ. “ಆದ್ರೆ ಆರನೇ ಗೂಡು ಹ್ಯಾಮರಿನ ಕೆಳಗೇ ಇತ್ತು ಅಂತ ಹೇಗೆ ಹೇಳ್ತೀರಿ?”

ಪ್ರೂಯಿಟ್ ವರ್ನಾಳತ್ತ ನೋಡಿದರು. ಅವರು ನಿಲ್ಲಿಸಿಬಿಡುತ್ತಾರೆಂದು ನನಗೆ ಒಂದು ಕ್ಷಣ ಅನ್ನಿಸಿತು. ಸೆಲೆಡೋನಿಯೊ ತಲೆ ಅಲ್ಲಾಡಿಸಿ ಬೇಡವೆನ್ನುತ್ತಿದ್ದ.

“ಸಾಕು ಸ್ವಾಮಿ,” ಎಂದ. “ನಾನೇ ಮಾಡ್ದೆ ಅಂತ ಬರ್ಕೊಳ್ಳಿ.”

“ವರ್ನಾ,” ಎಂದರು ಪ್ರೂಯಿಟ್, ತುಂಬ ಮೆಲ್ಲಗೆ. “ಉಪ್ಪಿನ ಜಾಡಿ ಕೆಳಗಿನ ನೋಟಲ್ಲಿ ಕೋವಿ ಎಣ್ಣೆ ವಾಸನೆ ಇತ್ತು. ಹಳಬರು ಆ ಖಾಲಿ ಗೂಡಲ್ಲಿ ಒಂದು ನೋಟು ಸುತ್ತಿ ಇಡ್ತಿದ್ರು. ಎಲ್ಲಾದ್ರೂ ಸತ್ತು ಬಿದ್ರೆ, ಸಿಕ್ಕಿದವರು ಮಣ್ಣು ಮಾಡೋ ಖರ್ಚಿಗೆ ಅಂತ.”

ಅವಳಿಗೆ ಅದು ಅರ್ಥವಾಗುವುದನ್ನು ಮುಖದಲ್ಲೇ ಕಂಡೆ. ನಾನು ನೆಲ ನೋಡಿದೆ.

“ತೋಳ ಬಂದಿತ್ತಲ್ಲ,” ಎಂದಳು. “ಮಂಗಳವಾರ ಒರೆಸೋಣ ಅಂತ ತೆಗೆದೆ. ಒಂದ್ರಲ್ಲಿ ತೋಟಾ ಬದಲು ನೋಟು ತುರುಕಿದ್ರು. ಪಾಪ, ಕಣ್ಣು ಕಾಣಲ್ಲ, ಮರೆತಿದ್ದಾರೆ ಅಂದ್ಕೊಂಡೆ. ಜೈಲಿನ ಕೋವೀಲಿ ಒಂದು ಗೂಡು ಖಾಲಿ ಬಿಟ್ರೆ ಬೈತಾರೆ. ಹೊಸದೊಂದು ಹಾಕ್ದೆ. ಆ ಗೂಡು ಮುಂಚೆ ಎಲ್ಲಿತ್ತೋ ಅಲ್ಲಿಗೇ ತಿರುಗಿಸಿಟ್ಟೆ. ಅಪ್ಪ ಇಟ್ಟಿದ್ದ ಹಾಗೇ ಇರ್ಲಿ ಅಂತ.”

ಹೊರಗೆ ಗಾಳಿಯಂತ್ರ ತಿರುಗುತ್ತಿತ್ತು.

“ನಂಗ್ಯಾಕೆ ಯಾರೂ ಹೇಳ್ಲಿಲ್ಲ?” ಎಂದು ಅವಳು ಸೆಲೆಡೋನಿಯೋನನ್ನು ಕೇಳಿದಳು. “ನಿಂಗೆ ಹೇಳಿದ್ರಲ್ಲ.”

“ಹೆಣ್ಣುಮಗುಗೆ ಕೋವಿ ವಿಷಯ ಯಾಕೆ ಅಂತಿದ್ರಮ್ಮ.”

“ನೋಡಿದ ಕೂಡ್ಲೇ ಗೊತ್ತಾಯ್ತಾ ನಿಂಗೆ?”

ಅವನು ತಲೆ ತಗ್ಗಿಸಿದ. “ಹೊಳೆಯೋ ತೋಟಾ ನೋಡ್ದೆ. ಆ ಗೂಡಿಗೆ ನಾನು ಹಾಕಿಲ್ಲ, ಅವರು ಹಾಕೋರಲ್ಲ.”

“ನಾನು ನಿನ್ನ ಸಾಯ್ಲಿ ಅಂದೆ.”

“ಅನ್ಲಿಲ್ಲ ಅಂದ್ಕೋ.”

ಹಾಲ್ಕಂಬ್ ಕೈಕೋಳದ ಕೀಲಿ ತೆಗೆದು ಮುಂದೆ ಬಂದ. ವರ್ನಾ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅವಳದು. ಕೀಲಿ ಕಿಂಡಿಗೆ ಸೇರಲೊಲ್ಲದು. ಜಾರಿತು, ಮತ್ತೆ ಜಾರಿತು. ಸೆಲೆಡೋನಿಯೊ ಎರಡೂ ಮಣಿಕಟ್ಟನ್ನು ಅವಳಿಗೆ ಕಾಣುವ ಹಾಗೆ ಬೆಳಕಿಗೆ ಹೊರಳಿಸಿ ಹಿಡಿದ.

“ನಿಧಾನ ಮಗಳೇ,” ಎಂದ. “ನಂಗೇನೂ ಆತುರ ಇಲ್ಲ.”

ಪ್ರೂಯಿಟ್, ಹಾಲ್ಕಂಬ್, ನಾನು ಮೂವರೂ ಹೊರಗೆ ಬಂದು ಟ್ರಕ್ಕಿನ ಪಕ್ಕ ನಿಂತೆವು. ಕೋಳ ಕಳಚಿದ ಸದ್ದು ಬಹಳ ಹೊತ್ತು ಬರಲಿಲ್ಲ.