ಸೆರಗಿನ ಗಂಟಿನ ಬೆಲ್ಲ

"ಥೂ ನಿನ್ನ! ಹರೇದ ಹುಡುಗಿ ಇರೋ ಮನಿ ಬಾಗಿಲಿಗೆ ಬಂದು ಉಚ್ಚಿ ಕೇಳತಿಯಲ್ಲ, ನಾಚಿಕಿ ಬರೂದಿಲ್ಲೇನು ನಿನಗ?"

"ನಿಂದ್ಯಾರು ಕೇಳ್ಯಾರ? ನಿಮ್ಮಪ್ಪಂದು ಕೇಳೀನಿ."

"ನಮ್ಮಪ್ಪಂದು ಒಯ್ದು ಏನು ಪಾಯಸಾ ಕಾಸತಿಯೇನು?"

"ಕಾಸತೇನಿ. ಖರೇನ ಕಾಸತೇನಿ."

ಕಾಶೆವ್ವ ಕೈಲಿದ್ದ ಕಸಬರಿಗೆ ಎತ್ತಿಯೇ ಬಿಟ್ಟಳು!

ಅದು ಅರವತ್ತಮೂರನೇ ಇಸವಿಯ ಬೇಸಿಗೆ. ದಾಂಡೇಲಿಯ ಕಾಗದದ ಕಾರಖಾನೆಯ ಸಾಲುಮನೆಗಳ ತುಂಬ ಧಾರವಾಡ, ಬೆಳಗಾವಿ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಮಂದಿ. ಜಗಳವೆಂದರೆ ಅವರಿಗೆ ಹಬ್ಬ. ಅತ್ತಲಿನ ಬಾಗಿಲು, ಇತ್ತಲಿನ ಬಾಗಿಲು ಎಲ್ಲ ತೆರೆದುಕೊಂಡವು. ಪಕ್ಕದ ಮನೆಯ ಸಿದ್ದಕ್ಕನಂತೂ ಮುಸುರೆ ಕೈಯಲ್ಲೇ ಹೊರಗೆ ಬಂದು ನಿಂತಳು.

"ಹೊಡಿಯವಾ, ತಡಾ ಯಾಕ ಮಾಡತಿ? ನನ್ನ ಮನಿಗೂ ಬಂದಿದ್ದ. ನಾ ಕೊಟ್ಟು ಕಳಿಸೀನಿ. ರೊಕ್ಕಾ ಏನು ಬೀಳೂದಿಲ್ಲ ಅದಕ್ಕ!"

ಮಂದಿ ಗೊಳ್ಳೆಂದು ನಕ್ಕರು. ಹೊಸ್ತಿಲಾಚೆ ನಿಂತವನು ಮಾತ್ರ ನಗಲಿಲ್ಲ.

ಅವನ ಹೆಸರು ಶೇಖಪ್ಪ. ಕಾರಖಾನೆಯಲ್ಲಿ ಬಿದಿರು ಬೇಯಿಸುವ ಕೆಲಸ. ಬಿಡುವಿನಲ್ಲಿ ಕಾರ್ಮಿಕರ ಸಂಘದ ಆರೋಗ್ಯ ತಂಡಕ್ಕೆ ದುಡಿಯುತ್ತಿದ್ದ. ಧಾರವಾಡದಿಂದ ಒಬ್ಬ ಮುದಿ ಡಾಕ್ಟರು ಪ್ರತಿ ಭಾನುವಾರ ಬಂದು ಸಂಘದ ಪಡಸಾಲೆಯಲ್ಲಿ ಕೂರುತ್ತಿದ್ದರು. ಸಕ್ಕರೆ ಕಾಯಿಲೆ ಯಾರಿಗಿದೆ ಎಂದು ಮನೆ ಮನೆ ಹುಡುಕುವುದು, ಇದ್ದವರ ಮನೆಯವರಿಗೆ ಸೂಜಿ ಚುಚ್ಚುವುದನ್ನು ಕಲಿಸುವುದು ತಂಡದ ಕೆಲಸ.

ಶೇಖಪ್ಪ ದನಿ ಇಳಿಸಿದ. "ಒಂದ ಮಾತು ಹೇಳು. ಹಿತ್ತಲಾಗ ನಿಮ್ಮಪ್ಪ ಕೂಡೋ ಜಾಗಕ್ಕ ಇರುವಿ ಹತ್ತತಾವ, ಹೌದಲ್ಲ?"

ಎತ್ತಿದ ಕಸಬರಿಗೆ ಅಲ್ಲೇ ನಿಂತಿತು.

ಹೌದು... ಇರುವೆ ಸಾಲುಗಟ್ಟುತ್ತಿದ್ದವು. ಆಕೆ ದಿನಾ ಬೂದಿ ಚೆಲ್ಲುತ್ತಿದ್ದಳು. ಅಪ್ಪ ಕರಿಬಸಪ್ಪನ ಹಿಮ್ಮಡಿಗೆ ಬಿದಿರ ಸಿಬಿರು ಚುಚ್ಚಿದ ಗಾಯ ಸಂಕ್ರಾಂತಿಯಿಂದ ಮಾಯದೆ ಕೊಳೆಯುತ್ತಿತ್ತು. ತಾಯಿಯಿಲ್ಲದ ಆ ಮನೆಯಲ್ಲಿ ಆಕೆಗೆ ಇದ್ದವನು ಅಪ್ಪ ಒಬ್ಬನೇ.

"ನಿನಗ ಹೆಂಗ ಗೊತ್ತಾತು?"

"ನಮ್ಮವ್ವನ ಹಿತ್ತಲಾಗೂ ಹತ್ತತಿದ್ದವು. ನಾವೂ ಬೂದಿ ಚೆಲ್ಲತಿದ್ದಿವಿ. ಆಕಿ ಹ್ವಾದ ಮ್ಯಾಲ ಗೊತ್ತಾತು."

ಕಾಶೆವ್ವ ಕಸಬರಿಗೆ ಕೆಳಗಿಟ್ಟು ಒಳಗೆ ಹೋಗಿ ಅಪ್ಪನ ಉಚ್ಚೆಯ ಶೀಸೆ ತಂದುಕೊಟ್ಟಳು.

ಕಟ್ಟೆಯ ಮೇಲೆ ಅವನು ಸ್ಪಿರಿಟ್ ದೀಪ ಹಚ್ಚಿದ. ಗಾಜಿನ ನಳಿಕೆಯಲ್ಲಿ ನೀಲಿ ಔಷಧಿ, ಅದಕ್ಕೆ ಕೆಲವು ಹನಿ. "ನೀಲಿ ಉಳದ್ರ ಚಲೋ. ಹಸರ ಆದ್ರ ಹುಷಾರ ಇರಬೇಕು..." ಅವನ ಮಾತು ಮುಗಿಯಲಿಲ್ಲ. ನಳಿಕೆಯೊಳಗೆ ನೀಲಿ ಹೋಯಿತು, ಹಸಿರು ಹೋಯಿತು, ಹಳದಿಯೂ ಹೋಯಿತು. ಸುಟ್ಟ ಇಟ್ಟಂಗಿಯ ಕೆಂಪು ತಳಕ್ಕೆ ಕೂತಿತು!

"ಸಾಯ್ತಾನೇನು ನಮ್ಮಪ್ಪ?"

"ಸಾಯಾಕ ನಾ ಬಿಡೂದಿಲ್ಲ."

ಹುಂಬ! ಮನುಷ್ಯರಾದವರು ಆಡುವ ಮಾತೇ ಅದು? ಆದರೆ ಕಾಶೆವ್ವ ಆ ಮಾತನ್ನು ಎದೆಯೊಳಗೆ ಇಟ್ಟುಕೊಂಡುಬಿಟ್ಟಳು.

ಮುಂದಿನ ಭಾನುವಾರ ಸಂಘದ ಪಡಸಾಲೆಯಲ್ಲಿ ಸೂಜಿಯ ಪಾಠ. ಸಿದ್ದಕ್ಕನ ನಳಿಕೆಯೂ ಕೆಂಪಾಗಿತ್ತು. ಆಕೆ ಕಾಶೆವ್ವನ ಬಗಲಿಗೇ ಕೂತಳು. ಶೇಖಪ್ಪ ಇಬ್ಬರ ಕೈಗೂ ಒಂದೊಂದು ಬದನೆಕಾಯಿ ಕೊಟ್ಟ.

"ಚುಚ್ಚರಿ. ಹೆದರಬ್ಯಾಡ್ರಿ, ಅದು ಅಳೂದಿಲ್ಲ."

ಸೂಜಿಯನ್ನು ಹೇಗೆ ಕುದಿಸಬೇಕು, ಔಷಧಿಯನ್ನು ಒದ್ದೆ ಮರಳಿನ ಗಡಿಗೆಯಲ್ಲಿ ಹೇಗೆ ಇಡಬೇಕು, ಎಲ್ಲ ಹೇಳಿದ. ಸಕ್ಕರೆ ವಿಷ, ಬೆಲ್ಲ ವಿಷ ಎಂದು ಕೂಗಿ ಕೂಗಿ ಹೇಳಿದ. ಕಾಶೆವ್ವ ಕೇಳುತ್ತಿದ್ದಳು... ಎಲ್ಲಿಯವರೆಗೆ? ಅವನು ತೋಳು ಮಡಚಿ ತನಗೇ ಸೂಜಿ ಹಿಡಿದು ತೋರಿಸುವವರೆಗೆ. ಮೊಣಕೈ ಮೇಲೆ ಕಾರಖಾನೆಯ ಸುಡುನೀರು ಬಿದ್ದ ಕಲೆ. ಗದ್ದದ ಮೇಲೆ ಬೆವರಿನ ಹನಿ. ಮಾತಾಡುವಾಗ ಒಂದು ಹುಬ್ಬು ಮಾತ್ರ ಮೇಲೇಳುತ್ತದಲ್ಲ!

'ಅಯ್ಯ ಶಿವನೇ, ಕಸಬರಿಗಿ ಎತ್ತಿದ್ನಲ್ಲ ಇವನ ಮ್ಯಾಲ...'

ಅವನು ಕೊನೆಗೆ ಇನ್ನೂ ಏನೋ ಹೇಳಿದ. ಸಿದ್ದಕ್ಕ ಗೋಣು ಹಾಕಿದಳು. ಕಾಶೆವ್ವನೂ ಗೋಣು ಹಾಕಿದಳು.

ಆಮೇಲೆ ಅವನು ದಿನಾ ಬಂದ. ಕರಿಬಸಪ್ಪನ ಗಾಯ ತೊಳೆದ, ದೀಪ ಹಚ್ಚಿ ನಳಿಕೆ ಕಾಸಿದ. ಕೆಂಪು ಹಳದಿಯಾಯಿತು, ಹಳದಿ ಹಸಿರಾಯಿತು. ಗಾಯದ ಅಂಚಿನಲ್ಲಿ ಹೊಸ ಚರ್ಮ ಕಾಣಿಸಿತು.

"ದಿನಾ ಬರಬೇಕಂತೇನಿಲ್ಲ. ಸೂಜಿ ಈಗ ನಾನ ಮಾಡತೇನಿ," ಎಂದಳು ಕಾಶೆವ್ವ ಒಂದು ಸಂಜೆ.

"ಆತು. ನಾಳಿಂದ ಬರೂದಿಲ್ಲ."

"...ಬರಬ್ಯಾಡ ಅಂದ್ನೇನು ನಾ?"

ಒಳಗೆ ಮಲಗಿದ್ದ ಕರಿಬಸಪ್ಪ ಕೆಮ್ಮಿದ. "ಬರ್ಲಿ ಬಿಡವಾ. ನನ್ನ ಕಾಲಿಗಿಂತ ಕಟ್ಟಿ ಮ್ಯಾಲ ಕೂಡೂದು ಅವನಿಗೆ ಭಾಳ ಸೇರತೈತಿ."

ಕಾಶೆವ್ವನ ಮುಖ ನಳಿಕೆಗಿಂತ ಕೆಂಪಾಯಿತು!

ಶ್ರಾವಣ ಬಂತು. ಕಾಯಿಲೆ ಬಿದ್ದಾಗ ಕರಿಬಸಪ್ಪ ಹರಕೆ ಹೊತ್ತಿದ್ದ: ಕಾಲು ಉಳಿದರೆ ಶ್ರಾವಣ ಸೋಮವಾರ ಅಯ್ಯನವರ ಪಾದಪೂಜೆ ಮಾಡಿ ಉಣಿಸುತ್ತೇನೆ. ಹಳಿಯಾಳದ ಬಸಲಿಂಗಯ್ಯನವರು ಬರಲು ಒಪ್ಪಿದರು. ಆ ಮನೆತನದ ರೀತಿ ಗೊತ್ತಲ್ಲ? ಅಯ್ಯನವರು ಉಣ್ಣದೆ ಮನೆಯ ಯಜಮಾನ ಬಾಯಿಗೆ ನೀರೂ ಹಾಕುವುದಿಲ್ಲ.

ಬೆಳಿಗ್ಗೆ ಕಾರಖಾನೆಯ ಸೀಟಿ ಕೂಗುತ್ತಲೇ ಕಾಶೆವ್ವ ಎಂದಿನಂತೆ ಸೂಜಿ ಮಾಡಿದಳು. ಮರೆಯಬಾರದೆಂದು ಶೇಖಪ್ಪ ಅಷ್ಟು ಬಡಿದು ಹೇಳಿದ್ದನಲ್ಲ!

ಅಯ್ಯನವರು ಬರಲಿಲ್ಲ. ಮಳೆಗೆ ಬಿದಿರಿನ ಲಾರಿಯೊಂದು ರಸ್ತೆಗೆ ಅಡ್ಡ ಮಗುಚಿ ಬಸ್ಸುಗಳೆಲ್ಲ ನಿಂತಿದ್ದವು.

"ಯಪ್ಪಾ, ಒಂದ ತುತ್ತು ಉಣ್ಣು. ಶಿವಾ ಏನು ಸಿಟ್ಟ ಆಗೂದಿಲ್ಲ."

"ಅಯ್ಯನೋರು ಉಣ್ಣದ ನಾ ಉಂಡ್ರ ಅದು ಹರಕಿ ಆಗತೈತೇನು? ಸುಮ್ಮನಿರು."

ಹೊತ್ತು ಏರಿತು. ಕರಿಬಸಪ್ಪನ ಹಣೆಯ ಮೇಲೆ ಬೆವರು ಒಡೆಯಿತು. ಶ್ರಾವಣದ ಆ ಥಂಡಿಯಲ್ಲಿ ಅಂಗಿ ತೊಯ್ದು ಮೈಗೆ ಅಂಟಿತು. ಕೈ ನಡುಗಿದವು. ಮಾತು ತೊದಲಿತು. ಸತ್ತ ಹೆಂಡತಿಯ ಹೆಸರು ಹಿಡಿದು ಕರೆದ. ನೋಡಲು ಬಂದವರು ಮೈಮೇಲೆ ದೇವರು ಬಂದಿದೆ ಎಂದು ಕೈಮುಗಿದರು. ಬುದ್ಧಿಗೇಡಿಗಳು!

ಅವನು ತೆವಳಿಕೊಂಡು ಅಡಿಗೆಮನೆಗೆ ಬಂದ. ಹೋಳಿಗೆಗೆ ಕುಟ್ಟಿಟ್ಟ ಬೆಲ್ಲಕ್ಕೆ ಕೈ ಹಾಕಿ ಒಂದು ಮುಷ್ಟಿ ತುಂಬಿಕೊಂಡ.

"ಯಪ್ಪಾ! ವಿಷ ಅದು!"

"ಕೊಡವಾ... ಒಂದೀಟ... ಕೊಡ..."

ಕಾಶೆವ್ವ ಅವನ ಬೆರಳು ಬಿಡಿಸಿ ಬೆಲ್ಲ ಕಸಿದುಕೊಂಡಳು. ಅವನು ಮಗುವಿನಂತೆ ಆಕೆಯ ಮುಖ ನೋಡಿದ. ಆಮೇಲೆ ಕಣ್ಣು ಮೇಲೆ ಹೋದವು, ಕೈಕಾಲು ಸೆಟೆದವು. ಬೆಲ್ಲದ ಬುಟ್ಟಿಯ ಪಕ್ಕದಲ್ಲೇ ಕರಿಬಸಪ್ಪನ ಉಸಿರು ನಿಂತಿತು.

ಸುದ್ದಿ ತಿಳಿದು ಶೇಖಪ್ಪ ಕಾರಖಾನೆಯಿಂದ ಓಡಿ ಬಂದ. ಒಳಗೆ ಕಾಲಿಟ್ಟವನೇ ಕೇಳಿದ, "ಬೆಲ್ಲಾ ಕೊಟ್ರೇನು? ಬಾಯಾಗ ಸಕ್ಕರಿ ಹಾಕಿದ್ರೇನು?"

ಕಾಶೆವ್ವ ಹುಲಿಯಂತೆ ಎದ್ದಳು. "ಏನಂದಿ? ವಿಷ ಅಂದಾಂವ ನೀನ! ಓಣಿ ತುಂಬ ಕೂಗಿದಾಂವ ನೀನ! ಅಂವ ಬೇಡಿದ್ನೋ... ನಾ ಕಸಗೊಂಡೆ! ಸೂಜಿ ಮಾಡಿದ ಮ್ಯಾಲ ಹಿಂಗ ಆದ್ರ ಬೆಲ್ಲಾ ಕೊಡು ಅಂತ ಎಂದಾರ ಹೇಳಿದ್ದಿಯೇನು ನೀ?"

ಕಾಶೆವ್ವನ ದೊಡ್ಡಪ್ಪ, ಹಳಿಯಾಳದ ಬೆಲ್ಲದ ವ್ಯಾಪಾರಿ ಚನಬಸಪ್ಪ, ಅಯ್ಯನವರ ಜೊತೆ ಆಗಷ್ಟೇ ಬಂದು ತಲುಪಿದ್ದ. ಅವನು ಶೇಖಪ್ಪನ ಕೊರಳಪಟ್ಟಿ ಹಿಡಿದ. "ಹೇಳಲೇ! ಹೇಳಿದ್ದಿಯೇನು?"

ಶೇಖಪ್ಪ ಕಾಶೆವ್ವನ ಮುಖವನ್ನೇ ನೋಡಿದ. ಬೆಲ್ಲ ಮೆತ್ತಿದ ಆಕೆಯ ಕೈ ನೋಡಿದ.

"ಇಲ್ಲ," ಎಂದ. "ಹೇಳಿರಲಿಲ್ಲ. ಮರತಿದ್ದೆ."

ಅವತ್ತು ಅವನಿಗೆ ಬಿದ್ದ ಹೊಡೆತಕ್ಕೆ ಲೆಕ್ಕವಿಲ್ಲ. ದೀಪ ಒಡೆಯಿತು, ನಳಿಕೆಗಳು ಪುಡಿಯಾದವು. ಸೂಜಿ ಮಾಡಿಸಿಕೊಂಡರೆ ಸಾಯುತ್ತಾರೆ ಎಂದು ಓಣಿಯೆಲ್ಲ ಮಾತಾಯಿತು. ಶೇಖಪ್ಪನಿಗೆ ಒಂದು ಬಾಗಿಲೂ ತೆರೆಯಲಿಲ್ಲ. ಚನಬಸಪ್ಪ ಕಾಶೆವ್ವನನ್ನು ಹಳಿಯಾಳಕ್ಕೆ ಕರೆದೊಯ್ದ.

ವರ್ಷದೊಳಗೆ ಮದುವೆ ಮಾಡಿಬಿಡಬೇಕೆಂದು ದೊಡ್ಡಪ್ಪ ಗಂಡು ಹುಡುಕಿದ. ಆಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬದುಕಿದ್ದರಲ್ಲವೇ ಅನ್ನುವುದು! ದ್ವೇಷವೊಂದೇ ಉಳಿದಿತ್ತು. ದ್ವೇಷದ ನಡುವೆಯೂ ಆ ಒಂದು ಹುಬ್ಬು ಮೇಲೇಳುವುದು ನೆನಪಾಗಿ ತನ್ನನ್ನೇ ತಾನು ಹಳಿದುಕೊಳ್ಳುತ್ತಿದ್ದಳು.

ಸಾಕರಪುಡಾ ದಿನ ಬಂತು. ಬೀಗರು ಹೆಣ್ಣಿನ ಕೈಗೆ ಸಕ್ಕರೆ ಪೊಟ್ಟಣ ಕೊಟ್ಟು ಮಾತು ಗಟ್ಟಿ ಮಾಡುವ ದಿನ. ಪಡಸಾಲೆಯಲ್ಲಿ ಮಂದಿ ಸೇರಿದ್ದರು. ಒಳಕೋಣೆಗೆ ಸಿದ್ದಕ್ಕ ಕುಂಟುತ್ತ ಬಂದಳು. ಕಾಲಿನ ಎರಡು ಬೆರಳು ಕೊಳೆತು ಡಾಕ್ಟರು ತೆಗೆದಿದ್ದರು.

ಕರಿಬಸಪ್ಪ ಸತ್ತಾಗ ಸಿದ್ದಕ್ಕ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಪಾಳಾಕ್ಕೆ ಹೋದವಳು ಆರು ತಿಂಗಳು ಅಲ್ಲೇ ಉಳಿದಿದ್ದಳು.

"ಮುಂಜಾನಿ ಸೂಜಿ ಮಾಡಿಸಿಕೊಂಡು ಬಸ್ಸು ಹತ್ತೀನವಾ. ಆ ಹಾಳ ಬಸ್ಸು ದಾರ್ಯಾಗ ಕೆಟ್ಟು ನಿಂತಿತ್ತು. ಇನ್ನೂ ಉಂಡಿಲ್ಲ..." ಎನ್ನುತ್ತಲೇ ಸಿದ್ದಕ್ಕನ ಹಣೆ ಬೆವೆತಿತು. ಕೈ ನಡುಗಿದವು. ಆಕೆ ಗಡಿಬಿಡಿಯಿಂದ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಬೆಲ್ಲದ ಹೆಂಟೆ! ಬಾಯಿಗೆ ಒಯ್ದಳು.

"ಅಕ್ಕಾ! ಬ್ಯಾಡ!" ಎಲ್ಲ ಗೊತ್ತಿದ್ದೂ ಕಾಶೆವ್ವ ಹಳೆಯ ಹೆದರಿಕೆಗೆ ಹಾರಿ ಕಸಿದುಕೊಳ್ಳಲು ಹೋದಳು.

ಸಿದ್ದಕ್ಕ ಆಕೆಯ ಕೈಗೆ ಪಟ್ಟನೆ ಬಾರಿಸಿದಳು. "ಬಿಡ ಹುಚ್ಚಿ! ನನ್ನನ್ನೂ ಕೊಲ್ಲತಿ ಏನು?"

ಬೆಲ್ಲ ಜಗಿದಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಕಣ್ಣು ತಿಳಿಯಾದವು.

"ಸೂಜಿ ಮಾಡಿಸಿಕೊಂಡು ಊಟಾ ತಡಾದ್ರ ಬೆಲ್ಲಾನ ಔಷಧ. ಯಾವತ್ತೂ ಸೆರಗಿನ್ಯಾಗ ಕಟ್ಟಿಕೊಂಡಿರಬೇಕು. ಶೇಖಪ್ಪ ಹೇಳಿದ್ನಲ್ಲ ಅವತ್ತ, ಬದನಿಕಾಯಿ ಕೊಟ್ಟ ದಿನ."

"...ಹೇಳಿದ್ದ?"

"ಎರಡೆರಡ ಸಲ ಹೇಳಿದ. ನನ್ನ ಬಗಲಿಗೇ ಕುಂತಿದ್ದಿ, ಗೋಣೂ ಹಾಕಿದಿ. ಅವನ ಮಾರಿ ನೋಡಕೋತ ಬಾಯಿ ತಕ್ಕೊಂಡು ಕುಂತಿದ್ದಿ ನೀ. ನಾ ಒಳಗೊಳಗ ನಕ್ಕಿದ್ದೆ."

"ಆದ್ರ ಎಲ್ಲರ ಮುಂದ ಹೇಳಿರಲಿಲ್ಲ ಅಂದನಲ್ಲಕ್ಕ! ಮರತಿದ್ದೆ ಅಂದನಲ್ಲ!"

ಸಿದ್ದಕ್ಕ ಜಗಿಯುವುದನ್ನು ನಿಲ್ಲಿಸಿದಳು. "ಹಂಗಂದ್ನೇನು...? ಅಯ್ಯ ನನ್ನಪ್ಪಾ! ನಿನ್ನ ಮ್ಯಾಲ ಬರೂ ಮಾತು ತನ್ನ ಮ್ಯಾಲ ಹಾಕ್ಕೊಂಡಾನ. ನನ್ನನ್ನ ಅಂವನ ಕರಕೊಂಡು ಬಂದಾನ. ಹೊರಗ, ಬಸ್ಸು ನಿಲ್ಲೂ ಹತ್ರ ನಿಂತಾನ. ಒಳಗ ಬರೂದಿಲ್ಲ ಅಂದ."

ಬೆಲ್ಲಕ್ಕಾಗಿ ಬೇಡಿದ ಅಪ್ಪನ ಮುಖ ಕಾಶೆವ್ವನ ಕಣ್ಣ ಮುಂದೆ ಬಂತು. ಇನ್ನು ಆ ಸಾವನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ.

ಎದ್ದು ಪಡಸಾಲೆಗೆ ಬಂದಳು. ಬೀಗರ ತಟ್ಟೆಯಲ್ಲಿ ಸಕ್ಕರೆ ಪೊಟ್ಟಣವಿತ್ತು.

"ಇದನ್ನ ಬಾಯಾಗ ಇಟಗೊಳ್ಳಾಕ ನನ್ನ ಕಡಿಂದ ಆಗೂದಿಲ್ಲ. ದೊಡ್ಡಪ್ಪ, ಶೇಖಪ್ಪ ಹೇಳಿದ್ದ. ಕೇಳಿಸಿಕೊಳ್ಳದಾಕಿ ನಾನು."

"ಏನ್ ಬಡಬಡಸತಿ? ನಡಿ ಒಳಗ!" ಚನಬಸಪ್ಪ ಗುಡುಗಿದ. "ಹೊಸ್ತಿಲಾ ದಾಟಿ ಅವನ ಹತ್ರ ಹ್ವಾದಿ ಅಂದ್ರ ಈ ಮನಿಗೆ ನೀ ಸತ್ತಂಗ!"

ಕಾಶೆವ್ವ ಹೊಸ್ತಿಲು ದಾಟಿದಳು.

ಹಾದಿಯಾಚೆ ಶೇಖಪ್ಪ ನಿಂತಿದ್ದ. ಸೊರಗಿದ್ದ. ಹೊಡೆತದ ಗುರುತೊಂದು ಹುಬ್ಬಿನ ಮೇಲೆ ಉಳಿದಿತ್ತು, ಆ ಮೇಲೇಳುವ ಹುಬ್ಬಿನ ಮೇಲೇ!

"ಸುಳ್ಳ ಯಾಕ ಹೇಳಿದಿ?"

ಅವನಿಗೆ ಅರ್ಥವಾಯಿತು. "ಖರೆ ಹೇಳಿದ್ರ ನೀ ಅವತ್ತ ಕಾಳಿ ಹೊಳಿಗೆ ಹಾರತಿದ್ದಿ."

"ನಿನ್ನ ಮಾರಿ ನೋಡಕೋತ ಕುಂತಿದ್ದೆ... ಅದಕ್ಕ ಕೇಳಿಸಲಿಲ್ಲ." ಪ್ರೀತಿಯನ್ನು ಆಕೆ ಹೇಳಿದ್ದು ಹೀಗೆ. ಕೊಲೆ ಒಪ್ಪಿಕೊಂಡಂತೆ.

"ನಾನೂ ನಿನ್ನ ಮಾರೀನ ನೋಡಾಕ ಹತ್ತಿದ್ದೆ, ಕಾಶೆವ್ವಾ. ಕೇಳಿಸ್ತೋ ಇಲ್ಲೋ ಅಂತ ತಿರುಗಿ ಕೇಳಲಿಲ್ಲ. ಪೂರಾ ಸುಳ್ಳಲ್ಲ ನಾ ಹೇಳಿದ್ದು."

ಸಿದ್ದಕ್ಕ ಕುಂಟುತ್ತ ಬಂದು ಸೇರಿಕೊಂಡಳು.

"ದಾಂಡೇಲ್ಯಾಗ ನನಗ ಯಾರೂ ಬಾಗಿಲಾ ತಗಿಯೂದಿಲ್ಲ ಈಗ," ಎಂದ ಶೇಖಪ್ಪ. "ಈಕಿ ಬೆರಳು ಹ್ವಾದದ್ದೂ ಅದಕ್ಕ. ಊರಿಂದ ಬಂದಾಕಿ ಮಂದಿ ಮಾತು ಕೇಳಿ ಸೂಜಿ ಬಿಟ್ಟಿದ್ಲು."

"ಬಾಗಿಲಾ ನಾ ಬಡೀತೇನಿ. ನಮ್ಮಪ್ಪಗ ಏನಾತು ಅಂತ ನಾನ ಹೇಳತೇನಿ. ನನ್ನ ಬಾಯಿ ಎಂಥಾದ್ದು ಗೊತ್ತೈತಲ್ಲ ನಿನಗ?"

"ಕಸಬರಿಗೀನೂ ಗೊತ್ತೈತಿ."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ, ಆಕೆಗೇ ತಿಳಿಯಲಿಲ್ಲ.

"ಅವತ್ತ ಹೇಳಿದ್ದನ್ನ ಇನ್ನೊಮ್ಮೆ ಹೇಳು."

ಕಾಶೆವ್ವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅವನ ಮುಖ ಕಾಣಬಾರದೆಂದು.

"ಬೆವರು ಒಡದ್ರ, ಕೈ ನಡುಗಿದ್ರ, ಮಾತು ತೊದಲಿದ್ರ..." ಶೇಖಪ್ಪ ಒಂದೊಂದಾಗಿ ಎಣಿಸಿ ಹೇಳಿದ. "...ಬೆಲ್ಲಾ ಕೊಡಬೇಕು. ಮೊದಲ ಬೆಲ್ಲಾ."

"ಮೊದಲ ಬೆಲ್ಲಾ," ಎಂದಳು. ಮುಚ್ಚಿದ ರೆಪ್ಪೆಗಳ ಕೆಳಗಿಂದ ನೀರು ಇಳಿಯಿತು. "ಕೇಳಿಸ್ತು."

ಬಸ್ಸು ಬಂತು. ಚನಬಸಪ್ಪ ಬಾಗಿಲಲ್ಲಿ ನಿಂತು ಇನ್ನೂ ಕೂಗುತ್ತಿದ್ದ. ಸಿದ್ದಕ್ಕ ತನ್ನ ಬೆಲ್ಲದಲ್ಲಿ ಉಳಿದದ್ದನ್ನು ಮುರಿದು ಕೊಟ್ಟಳು. ಕಾಶೆವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು. ದೊಡ್ಡಪ್ಪನ ಹೊಸ್ತಿಲನ್ನು ಆಕೆ ಮತ್ತೆ ತುಳಿಯಲಿಲ್ಲ.